ಬಾಯಿಗಿಡಬೇಕಾದ ತುಂಡು

ಆಡು ಕೂಗಲಿ ಎಂದು ದೊಡ್ಡಿಯೊಳಗೆ ನಿಂತ ಗಂಡಸರೆಲ್ಲ ಕಾಯುತ್ತಿದ್ದರೆ, ಗುಡಿಸಲ ಬಾಗಿಲಲ್ಲಿ ಕೂತಿದ್ದ ಫಿಲಿಸ್ವಾ ಒಬ್ಬಳೇ ಅದು ಕೂಗದಿರಲಿ ಎಂದುಕೊಳ್ಳುತ್ತಿದ್ದಳು. ಕೂಗದಿದ್ದರೆ ಸತ್ತ ಹಿರಿಯರ ಒಪ್ಪಿಗೆಯಿಲ್ಲವೆಂದು ಕಾರ್ಯ ಅಲ್ಲಿಗೇ ನಿಲ್ಲುತ್ತಿತ್ತು. ಆಡು ಊರಿಗೆಲ್ಲ ಕೇಳುವಂತೆ ಅರಚಿತು. "ಚಾಮಗು!" ಎಂದು ಗಂಡಸರು ಹಿರಿಯರಿಗೆ ಶರಣೆನ್ನುತ್ತಾ ಒಟ್ಟಿಗೆ ಕೂಗಿದರು.

ಅಪ್ಪ ತೀರಿಕೊಂಡ ಮೇಲೆ ಲಿಬೋಡೆಯ ಆ ಗುಡ್ಡದಲ್ಲಿ ಅವನ ದನಗಳನ್ನು ಮೇಯಿಸಿಕೊಂಡಿದ್ದವಳು ಅವಳೇ. ಸೊಂಟದೆತ್ತರದ ಹುಲ್ಲು. ದಿನವೂ ಸಂಜೆ ಕಾಲಿಗೆ ಕಚ್ಚಿದ ಉಣುಗು ಕಿತ್ತು ಕಿತ್ತು ಸಾಕಾಗುತ್ತಿತ್ತು. ಹೋದ ವರ್ಷ ಒಂದು ಸಾವಿನ ಮನೆಯಲ್ಲಿ ದನದ ಮಾಂಸ ತಿಂದು ಬಂದವಳಿಗೆ ಎಷ್ಟೋ ಹೊತ್ತಿನ ಮೇಲೆ ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿತು. ಕ್ರಿಸ್‌ಮಸ್‌ಗೆ ಕುರಿ ತಿಂದಾಗ ಪ್ರಾಣವೇ ಹೋಗುವುದಿತ್ತು.

"ಉಣುಗು ಕಚ್ಚಿ ಕಚ್ಚಿ ನಿಮ್ಮ ಮೈಗೆ ಈ ಮಾಂಸ ಆಗದ ಹಾಗಾಗಿದೆ. ದನ, ಕುರಿ, ಆಡು, ಹಂದಿ ಮುಟ್ಟಬೇಡಿ. ಕೋಳಿ, ಮೀನು ತಿನ್ನಿ," ಎಂದಿದ್ದರು ಡಾಕ್ಟರು.

ದೊಡ್ಡಪ್ಪ ಮ್ಲಾಮ್ಲಿ ಅದನ್ನು ಕೇಳಿ ನಕ್ಕುಬಿಟ್ಟಿದ್ದ. "ಉಣುಗಂತೆ! ನನ್ನನ್ನ ಹುಟ್ಟಿದಾಗಿಂದ ಕಚ್ತಾ ಇವೆ. ಈಗ್ಲೂ ಒಂದು ಎಲುಬು ಕೊಟ್ರೆ ನಾಯಿಗೆ ಏನೂ ಉಳಿಸಲ್ಲ." ಆಮೇಲೆ ಗಂಭೀರವಾದ. ಅವಳು ಹುಟ್ಟಿದಾಗ ಅಪ್ಪ ದೂರದ ಗಣಿಯಲ್ಲಿದ್ದ. ಮಗುವಿನ ಹೆಸರಲ್ಲಿ ಕಡಿಯಬೇಕಾದ ಆಡನ್ನು ಯಾರೂ ಕಡಿದಿರಲಿಲ್ಲ. "ಹಿರಿಯರಿಗೆ ನೀನ್ಯಾರು ಅಂತಾನೇ ಗೊತ್ತಿಲ್ಲ ಮಗಳೇ. ಕಾಯಿಲೆ ಅದೇ."

ಫಿಲಿಸ್ವಾಗೆ ನಗಲಾಗಲಿಲ್ಲ. ಅವಳಿಗೆ ಡಾಕ್ಟರ ಮಾತಿನ ಭಯ ಎಷ್ಟಿತ್ತೋ ಹಿರಿಯರ ಭಯವೂ ಅಷ್ಟೇ ಇತ್ತು.

ಈಗ ದೊಡ್ಡಪ್ಪ ಆಡಿನ ಬಲ ಮುಂಗಾಲಿನ ಮಾಂಸವನ್ನು ಉಪ್ಪಿಲ್ಲದೆ ಸುಟ್ಟು ತಂದು ಅವಳ ಮುಂದೆ ಹಿಡಿದ. ಅವಳು ತಿನ್ನುವವರೆಗೆ ಬೇರೆ ಯಾರೂ ತುತ್ತು ಎತ್ತುವಂತಿರಲಿಲ್ಲ.

"ದೊಡ್ಡಪ್ಪಾ, ನಾಲಿಗೆಗೆ ತಾಗಿಸಿದ್ರೆ ಸಾಲ್ದಾ?"

"ತಾಗಿಸಿ ಉಗುಳೋಕೆ ಇದೇನು ಹೊಗೆಸೊಪ್ಪಾ? ನುಂಗಮ್ಮ. ನಿನಗೋಸ್ಕರಾನೇ ಬಂದಿದಾರೆ ಹಿರಿಯರು."

ಅವಳು ನುಂಗಿದಳು. ಅಂಗಳ ಗೆಲುವಾಯಿತು. ಅವಳು ಮಾತ್ರ ನೆಟ್ಟಗೆ ಪಕ್ಕದ ಮನೆಯ ಬುಯಿಸೀಲೆಯ ಹತ್ತಿರ ಹೋದಳು. ಪಿಕಪ್ ಗಾಡಿ ಇದ್ದದ್ದು ಅವನೊಬ್ಬನಲ್ಲೇ.

"ಇವತ್ತು ಕುಡೀಬೇಡ ಕಣೋ."

"ಕುಡಿಯೋ ಹಾಗಿಲ್ಲ ಅಂದ್ರೆ ಕಾರ್ಯಕ್ಕೆ ಯಾಕಕ್ಕ ಬರ್ತಿದ್ದೆ?" ಎಂದು ನಕ್ಕವನು ಅವಳ ಮುಖ ನೋಡಿ ಜೋಳದ ಹೆಂಡದ ಡಬ್ಬ ಕೆಳಗಿಟ್ಟ.

ಹಾಡು ಶುರುವಾಯಿತು. ನೆರಳು ದೊಡ್ಡಿಯ ಆಚೆ ಬದಿಗೆ ಸರಿಯಿತು. "ನೋಡಿದ್ಯಾ? ಏನಾಯ್ತು ನಿನಗೆ?" ಎಂದು ದೊಡ್ಡಪ್ಪ ಬೀಗಿದ.

"ಇದು ತಕ್ಷಣ ಬರೋದಲ್ಲ ದೊಡ್ಡಪ್ಪಾ."

ಹಾಗೆಂದರೂ ಅವಳೊಳಗೆ ಆಸೆ ಚಿಗುರಿತ್ತು. ಪಾತ್ರೆ ತಿಕ್ಕುತ್ತಾ ತಾನೂ ಒಂದು ಪದ ಗುನುಗಿದಳು. ಆಗಲೇ ಅಂಗೈ ತುರಿಸಿತು. ಬೂದಿ ತಾಗಿರಬೇಕು ಎಂದು ತೊಳೆದುಕೊಂಡಳು. ತುರಿಕೆ ಮೊಣಕೈಗೇರಿತು, ಕುತ್ತಿಗೆಗೆ ಬಂತು. ತುಟಿ ದಪ್ಪವಾಯಿತು. "ಬುಯಿಸೀಲೆ" ಎಂದು ಕೂಗಲು ಹೋದರೆ ದನಿಯೇ ಹೊರಡಲಿಲ್ಲ. ಕೈಲಿದ್ದ ಪಾತ್ರೆಯನ್ನು ಕಲ್ಲಿಗೆ ಅಪ್ಪಳಿಸಿದಳು.

ಹಾಡು ನಿಂತಿತು. ಊದಿಕೊಂಡ ಆ ಮುಖ ನೋಡಿ ದೊಡ್ಡಪ್ಪನ ಕೋಲು ಕೈಜಾರಿತು. ಬುಯಿಸೀಲೆ ಆಗಲೇ ಗಾಡಿ ಚಾಲೂ ಮಾಡಿದ್ದ.

ಹಿಂದುಗಡೆ ತಗಡಿನ ಮೇಲೆ ಅವಳ ತಲೆಯನ್ನು ತೊಡೆಗಿಟ್ಟುಕೊಂಡು ದೊಡ್ಡಪ್ಪ ಕೂತ. ಗುಂಡಿ ಗುಂಡಿಗೂ ಇಬ್ಬರೂ ಎಗರಿ ಬೀಳುತ್ತಿದ್ದರು. ಅವಳ ಉಸಿರು ಸೀಟಿ ಹೊಡೆದಂತೆ ಒಳಹೋಗುತ್ತಿತ್ತು; ಒಮ್ಮೊಮ್ಮೆ ಅದೂ ನಿಲ್ಲುತ್ತಿತ್ತು.

"ಎಳಕೋ ಮಗಳೇ, ಇನ್ನೊಂದು ಸಲ ಎಳಕೋ!" ಎಂದವನು ಆಮೇಲೆ ಆಕಾಶದತ್ತ ಗದರಿದ. "ಜೋಲಾ ಕುಲದವರೇ, ನಿಮಗೆ ಕೊಟ್ಟದ್ದು ಆಡು! ಈ ಹುಡುಗೀನ ಅಲ್ಲ! ಕೇಳಿಸ್ತಾ?"

ಆಸ್ಪತ್ರೆಯ ಬಾಗಿಲ ಬೆಳಕು, ತೊಡೆಗೆ ಚುಚ್ಚಿದ ಸೂಜಿ, ಇಷ್ಟು ಅವಳಿಗೆ ನೆನಪಿತ್ತು.

ಬೆಳಿಗ್ಗೆ ಕಣ್ಣು ಬಿಟ್ಟಾಗ ದೊಡ್ಡಪ್ಪ ನಿನ್ನೆಯ ಕೋಟಿನಲ್ಲೇ ಪಕ್ಕದಲ್ಲಿದ್ದ.

"ಆಡು ಕೂಗ್ತು. ಅಂದ್ರೆ ಅವರಿಗೆ ನೀನು ಬೇಕಾದವಳೇ. ತಿನ್ನು ಅಂದಿದ್ದು ಅವರಲ್ಲ, ನಾನು," ಎಂದ.

"ನುಂಗಿದ್ದು ನಾನೇ ಅಲ್ವಾ. ನೀವ್ ಹೇಳಿದ್ದೇ ನಿಜ ಆಗ್ಲಿ ಅನ್ನೋ ಆಸೆ."

ಅವನು ಅವಳ ಕೈ ಹಿಡಿದುಕೊಂಡ. ಆಮೇಲೆ ಕೇಳಿದ: "ಹಸಿವಾ?"

"ಮೀನು ಸಿಕ್ಕಿದ್ರೆ ತಿಂತೀನಿ."

ಹುಟ್ಟಿದಾಗಿನಿಂದ ಮೀನು ಮೂಸದ ಆ ಮುದುಕ ಗೋಡೆ ಹಿಡಿದು ಎದ್ದ. ಅದು ಎಲ್ಲಿ ಸಿಗುತ್ತದೆಂದು ನರ್ಸಮ್ಮನನ್ನು ಕೇಳುತ್ತಾ ಹೊರಗೆ ನಡೆದ.