ವಿಯೋಲಾಗಳ ಪಾಲಿನ ನಾಲ್ಕು ನಿಮಿಷ

ಬುಧವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಲಿಪಾವಾ ಊರಿನ ವಾದ್ಯವೃಂದ ಎರಡು ಹೋಳಾಯಿತು. ನಿರ್ದೇಶಕ ಹಾಯೆಕ್ ಒಬ್ಬರೇ ಒಂದು ಹೋಳು, ಉಳಿದ ಐವತ್ತೆಂಟು ಜನ ಇನ್ನೊಂದು ಹೋಳು.

ಅಲೋಯಿಸ್ ಪೆಶೆಕ್‌ನ ಎರಡನೆಯ ಸಿಂಫನಿಯ ಅಭ್ಯಾಸ ನಡೆದಿತ್ತು. ಮೂರನೆಯ ಭಾಗದ ನಡುವೆ ಹಾಯೆಕ್ ಕಣ್ಣು ಮುಚ್ಚಿ, ಗದ್ದ ಎತ್ತಿ, ಎಡಗೈಯನ್ನು ತಾಳದವನ ಕಡೆಗೆ ಬೀಸಿದರು. ಅಲ್ಲಿ ಎರಡು ದೊಡ್ಡ ಕಂಚಿನ ತಟ್ಟೆಗಳ ತಾಳದ ಏಟೊಂದು ಬೀಳಬೇಕಿತ್ತು. ತಾಳದವನು ಪತ್ರಿಕೆಯ ಪದಬಂಧ ತುಂಬುತ್ತಿದ್ದ. ಅವನ ತಪ್ಪಲ್ಲ, ಅವನ ಹಾಳೆಯ ಪ್ರಕಾರ ಅವನಿಗೆ ಇನ್ನೂ ಎಂಬತ್ತೆಂಟು ಆವರ್ತ ಬಿಡುವಿತ್ತು. ಅದೇ ಹೊತ್ತಿಗೆ ಪಿಟೀಲಿಗಿಂತ ತುಸು ದೊಡ್ಡದಾದ ವಿಯೋಲಾ ನುಡಿಸುವವರು ಯಾರೂ ಎಂದೂ ಕೇಳಿರದ ಯಾವುದೋ ಹಾಡನ್ನು, ತಮಗೇ ಅದು ಅಪರಿಚಿತವೆಂಬಂತೆ, ಕತ್ತಲಲ್ಲಿ ಚಪ್ಪಲಿ ಹುಡುಕುವವರ ಹಾಗೆ ತಡವರಿಸುತ್ತ ಶುರುಮಾಡಿದರು. ಮೂರು ಆವರ್ತ ದಾಟುವುದರೊಳಗೆ ಎಲ್ಲವೂ ಕುಸಿದುಬಿತ್ತು.

"ಏನ್ರೀ ಇದು?" ಎಂದರು ಹಾಯೆಕ್. "ಇಲ್ಲಿ ಹಾರ್ಬೇಕು! ಈ ತುಂಡು ಬಿಟ್ಟು ಮುಂದಕ್ಕೆ ಹೋಗ್ಬೇಕು!"

"ನಮ್ ಹಾಳೇಲಿ ಹಾಗೇನೂ ಇಲ್ಲ ಮೇಷ್ಟ್ರೇ," ಎಂದರು ಚೆಲ್ಲೋ ಸಾಲಿನ ಮುಖ್ಯಸ್ಥೆ ಹೆದ್ವಿಕಾ. "ನಿಮ್ ಪುಸ್ತಕದಲ್ಲಿದ್ಯಾ?"

ಹಾಯೆಕ್ ತಮ್ಮೆದುರಿನ ದೊಡ್ಡ ಪುಸ್ತಕವನ್ನು ಅಭ್ಯಾಸ ಶುರುವಾದ ಮೇಲೆ ಮೊದಲ ಬಾರಿಗೆ ತೆರೆದರು. ಹಾಳೆ ಮಗುಚಿದರು. ಹಿಂದಕ್ಕೆ ಮಗುಚಿದರು. ಅಲ್ಲಿಯೂ ಇರಲಿಲ್ಲ.

"ಟೇಪಲ್ಲಿ ಇದೆ!" ಎಂದುಬಿಟ್ಟರು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಟ್ರಾಂಬೋನ್‌ನವರ ಸಾಲಿನಿಂದ ಕುದುರೆ ಮೂಗಿನಿಂದ ಬುಸುಗುಟ್ಟಿದಂಥ ಸದ್ದು ಬಂತು. ಸಿಂಫನಿಯನ್ನು ಓದದೆ, ಬಾನುಲಿಯ ಹಳೆಯ ಟೇಪು ಕೇಳಿ ಬಾಯಿಪಾಠ ಮಾಡಿಕೊಂಡು ಬರುವ ನಿರ್ದೇಶಕರ ಬಗ್ಗೆ ವಾದ್ಯವೃಂದಗಳಲ್ಲಿ ಇರುವ ಗೌರವ, ಅಡುಗೆ ಬಾರದ ಅಡುಗೆಭಟ್ಟನಿಗೆ ಮದುವೆಮನೆಯಲ್ಲಿ ಸಿಗುವಷ್ಟೇ.

"ಹಾಳೆಗಳ ಹುಡುಗಿ ಎಲ್ಲಿ?"

ಹಾಳೆಗಳ ಹುಡುಗಿ ಖಾಲಿ ಸಭಾಂಗಣದ ಹದಿನಾಲ್ಕನೆಯ ಸಾಲಿನಲ್ಲಿ, ಎದುರಿನ ಕುರ್ಚಿಯ ಮರೆಯಲ್ಲಿ, ಮೂಗಿನವರೆಗೆ ಇಳಿದು ಕೂತಿದ್ದಳು. ಹೆಸರು ಬ್ಲಾಂಕಾ, ವಯಸ್ಸು ಇಪ್ಪತ್ತಾರು. ಸಂಗೀತಶಾಸ್ತ್ರದಲ್ಲಿ ಪದವಿ ಇತ್ತು, ಬಾಯಿ ಇರಲಿಲ್ಲ. ಐವತ್ತೆಂಟು ಜನರ ಸ್ವರಲಿಪಿಯ ಹಾಳೆಗಳನ್ನು ಜೋಡಿಸಿಡುವುದು, ಹರಿದದ್ದನ್ನು ಅಂಟಿಸುವುದು, ಹೊತ್ತಿಗೆ ಸರಿಯಾಗಿ ಸ್ಟ್ಯಾಂಡುಗಳ ಮೇಲೆ ಇಡುವುದು ಅವಳ ಕೆಲಸ. ಯಾರೊಡನೆಯೂ ಮಾತಾಡಬೇಕಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಆ ಕೆಲಸಕ್ಕೆ ಸೇರಿದ್ದಳು.

ಎದ್ದು ನಿಂತಳು.

"ಪೆನ್ಸಿಲ್ ಗುರುತೆಲ್ಲ ಎಲ್ಲಿ ಹೋಯ್ತು?"

"ಹಾಳೆ... ಕೊಳೆಯಾಗಿತ್ತು," ಎಂದಳು ಬ್ಲಾಂಕಾ.

ಅದು ಸುಳ್ಳು.

ಪೆಶೆಕ್ ಆ ಊರಿನವನೇ. ಸಂಗೀತಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತ, ಭಾನುವಾರ ಚರ್ಚಿನಲ್ಲಿ ಆರ್ಗನ್ ನುಡಿಸುತ್ತ, ಮೂರು ಸಿಂಫನಿ ಬರೆದು ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ತೀರಿಕೊಂಡಿದ್ದ. ಅಂದಿನ ಕಮ್ಯುನಿಸ್ಟ್ ಸರ್ಕಾರ ಅವನನ್ನು ಜೈಲಿಗೆ ಹಾಕಿದ್ದರೆ ಆಮೇಲಾದರೂ ಹೆಸರು ಬರುತ್ತಿತ್ತು, ಅದೂ ಆಗಲಿಲ್ಲ. ಅವನನ್ನು ಯಾರೂ ಪೀಡಿಸಲಿಲ್ಲ, ಸುಮ್ಮನೆ ಮರೆತರು. ಈಗ, ತೊಂಬತ್ತಾರರಲ್ಲಿ, ಅವನು ಹುಟ್ಟಿ ತೊಂಬತ್ತು ವರ್ಷವಾಯಿತೆಂದು ಪುರಸಭೆಯವರು ಒಂದು ಕಂಚಿನ ತಲೆ ಮಾಡಿಸಿದ್ದರು. ತಲೆ ಮಾಡಿಸಿದ್ದಾಗಿದೆ, ಆ ತಲೆಯೊಳಗೆ ಏನಿತ್ತೆಂದು ಒಮ್ಮೆ ಕೇಳಿಯೂಬಿಡೋಣ ಎಂದು ಯಾರಿಗೋ ಹೊಳೆದು, ಗುರುವಾರ ಸಂಜೆಗೆ ಕಛೇರಿ ಗೊತ್ತಾಗಿತ್ತು. ಮೂವತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ. ಇನ್ನು ಅವನ ನೂರನೆಯ ವರ್ಷದವರೆಗೆ ಯಾರೂ ಅದನ್ನು ಮುಟ್ಟುವುದಿಲ್ಲವೆಂದು ಬ್ಲಾಂಕಾಗೆ ಚೆನ್ನಾಗಿ ಗೊತ್ತಿತ್ತು.

ಐವತ್ತೇಳರ ಮೊದಲ ಕಛೇರಿಯ ಮರುದಿನ ಪತ್ರಿಕೆಯವನೊಬ್ಬ ಬರೆದಿದ್ದ: 'ಪೆಶೆಕ್‌ರ ಸಿಂಫನಿ ಕೋಣೆಯೊಳಗೆ ಬರುತ್ತದೆ, ಬಂದದ್ದೇಕೆಂದು ಮರೆಯುತ್ತದೆ, ತಟ್ಟೆಯೊಂದನ್ನು ಒಡೆದು ಹೊರಟುಹೋಗುತ್ತದೆ.' ಆ ತಟ್ಟೆ ಎಂದರೆ ಮೂರನೆಯ ಭಾಗದ ತಾಳದ ಏಟು. ಆ ಕಛೇರಿಯ ಟೇಪು ಕೇಳಿದಾಗ ಬ್ಲಾಂಕಾಗೂ ಹಾಗೇ ಅನಿಸಿತ್ತು. ಆದರೆ ಅವಳಿಗೆ ಸಿಂಫನಿಗಳನ್ನು ಕಾದಂಬರಿಯಂತೆ ಮಲಗಿಕೊಂಡು ಓದುವ ಅಭ್ಯಾಸವಿತ್ತು. ಪೆಶೆಕ್‌ನ ಕೈಬರಹದ ಪ್ರತಿ ಓದುವಾಗ ತಿಳಿಯಿತು: ತಟ್ಟೆ ಒಡೆಯುವುದಕ್ಕೆ ಮುಂಚೆ ಎಂಬತ್ತೆಂಟು ಆವರ್ತದ ಕಾರಣವೊಂದಿದೆ. ಅಷ್ಟೂ ವಿಯೋಲಾಗಳ ಹಾಡು. ಅದನ್ನು ಯಾರೋ ಹಾರಿಸಿದ್ದರು.

ಯಾರು, ಏಕೆ ಎಂಬುದು ವಿಯೋಲಾದ ಹಳೆಯ ಹಾಳೆಯ ಅಂಚಿನಲ್ಲೇ ಇತ್ತು: 'ಇಲ್ಲಿಂದ ಬಾಣದ ಗುರುತಿನವರೆಗೆ ಬಿಡಿ. ಒಂಬತ್ತೂ ಐವತ್ತೆರಡರ ರೈಲು!!'

ವಾದ್ಯಗಾರರು ಹಾಳೆಯ ಮೇಲೆ ಬರೆದ ಪೆನ್ಸಿಲ್ ಗುರುತನ್ನು ಯಾರೂ ಅಳಿಸುವುದಿಲ್ಲ. ಮುಂದೆ ಬಂದವರು ಏಕೆ, ಏನು ಎಂದು ಕೇಳದೆ ಅದನ್ನೇ ಪಾಲಿಸುತ್ತಾರೆ. ಪಾದ್ರಿಯ ಮಾತನ್ನೂ ಮೀರುವ ಜನ ಸತ್ತವರ ಪೆನ್ಸಿಲನ್ನು ಮೀರುವುದಿಲ್ಲ. ರೈಲು ಹಿಡಿದವರೆಲ್ಲ ಸತ್ತು, ಆ ರೈಲೂ ನಿಂತುಹೋಗಿ ಹದಿನೈದು ವರ್ಷವಾಗಿದ್ದರೂ, ಪೆಶೆಕ್ ಮಾತ್ರ ಇನ್ನೂ ಅದನ್ನು ಹಿಡಿಯಲು ಓಡುತ್ತಲೇ ಇದ್ದ. ಹಾಗಾಗಿ ಬ್ಲಾಂಕಾ ಮೂರು ಮಧ್ಯಾಹ್ನ ಕೂತು, ಒಂದಿಡೀ ರಬ್ಬರು ಸವೆಸಿ, ಎಲ್ಲ ಹಾಳೆಗಳಿಂದ ಬಾಣಗಳನ್ನು ಅಳಿಸಿದ್ದಳು. ನಿರ್ದೇಶಕರ ಪುಸ್ತಕವನ್ನೂ ಬಿಟ್ಟಿರಲಿಲ್ಲ. ಬಾಯಿಬಿಟ್ಟು ಕೇಳುವುದಕ್ಕಿಂತ ಅದೇ ಸುಲಭವೆನಿಸಿತ್ತು.

"ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಎಲ್ಲಾ ಗುರುತು ವಾಪಸ್ ಬರ್ಬೇಕು," ಎಂದರು ಹಾಯೆಕ್.

"ನಮ್ಮ ಅಭ್ಯಾಸವೂ ಒಂದು ಗಂಟೆಗೆ ಮುಗೀಬೇಕು," ಎಂದರು ಹೆದ್ವಿಕಾ ಕೈಗಡಿಯಾರ ತಟ್ಟುತ್ತ. "ಇವತ್ತು ಕ್ಯಾಂಟೀನಲ್ಲಿ ಸಬ್ಬಸಿಗೆ ಗೊಜ್ಜು, ಬ್ರೆಡ್ಡಿನ ಕಡುಬು. ತಡವಾದ್ರೆ ಕಹಳೆಯೋರು ಎಲ್ಲಾ ಬಳ್ಕೊಂಡು ತಿಂತಾರೆ."

ಮಧ್ಯಾಹ್ನ ಬ್ಲಾಂಕಾ ಹಾಳೆಗಳ ಕೋಣೆಯಲ್ಲಿ ಪೆನ್ಸಿಲ್ ಚೂಪು ಮಾಡುತ್ತ ಕೂತಳು. ಒಂದನ್ನು ಚೂಪು ಮಾಡಿ ಮುಗಿಸಿ, ಇನ್ನೊಂದನ್ನು ಮಾಡಿದಳು. ಆರು ಪೆನ್ಸಿಲ್ ಚೂಪಾದವು. ಒಂದು ಬಾಣವೂ ಬೀಳಲಿಲ್ಲ.

ಬಾಗಿಲು ತಳ್ಳಿಕೊಂಡು ವಿಯೋಲಾ ಸಾಲಿನ ಮುಖ್ಯಸ್ಥ ಬೋರಿವೊಯ್ ಬಂದರು. ಐವತ್ತೆರಡರ ದಪ್ಪ ಮೀಸೆಯ ಮನುಷ್ಯ, ಕಾಲಲ್ಲಿ ಮನೆಯ ಮೆತ್ತನೆ ಚಪ್ಪಲಿ, ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಗಸಗಸೆಯ ಬನ್ನು. ಅದನ್ನು ಅವಳ ಮುಂದಿಟ್ಟರು.

"ಬಾಣ ಹಾಕಾಯ್ತಾ ಮಗಳೇ?"

"ಇಲ್ಲ."

"ಮೊದ್ಲು ನಮ್ದಕ್ಕೆ ಹಾಕಮ್ಮ. ಪುಣ್ಯ ಬರುತ್ತೆ."

ಬ್ಲಾಂಕಾ ತಲೆಯೆತ್ತಿದಳು. "ಅದು ನಿಮ್ಮದೇ ಹಾಡು. ಇಡೀ ಸಿಂಫನೀಲಿ ನಿಮಗೇ ಅಂತ ಬರೆದಿದ್ದು ಅದೊಂದೇ."

"ಅದೇ ಭಯ ನನಗೆ." ಬೋರಿವೊಯ್ ಕುರ್ಚಿಯಲ್ಲಿ ಕುಸಿದರು. "ನೋಡು, ಇಪ್ಪತ್ತೆಂಟು ವರ್ಷದಿಂದ ನಾನು ಮಧ್ಯದ ಸ್ವರ ನುಡಿಸ್ತಾ ಇದೀನಿ. ಮೇಲೆ ಪಿಟೀಲು, ಕೆಳಗೆ ಚೆಲ್ಲೋ, ನಾವು ರೊಟ್ಟಿ ನಡುವಿನ ಬೆಣ್ಣೆ. ಇದ್ರೆ ಯಾರಿಗೂ ಗೊತ್ತಾಗಲ್ಲ. ಈಗ ಇದ್ದಕ್ಕಿದ್ದ ಹಾಗೆ ಎಲ್ಲರೂ ಸುಮ್ಮನಾಗಿ, ನಾವು ಎಂಟೇ ಜನ ನಾಲ್ಕು ನಿಮಿಷ ಬೆತ್ತಲೆ ನಿಂತ್ಕೋಬೇಕಾ? ಟ್ರಾಂಬೋನ್‌ನೋರು ಮೊನ್ನೆ ಏನಂದ್ರು ಗೊತ್ತಾ? ವಿಯೋಲಾದವನ ಮನೆಗೆ ಕಳ್ಳ ನುಗ್ಗಿ ಎಲ್ಲಾ ಕದ್ದನಂತೆ, ವಿಯೋಲಾ ಮಾತ್ರ ಬಿಟ್ಟು ಪಕ್ಕದಲ್ಲಿ ಸಂತಾಪದ ಚೀಟಿ ಇಟ್ಟುಹೋದನಂತೆ. ನಾಳೆ ಒಂದು ಸ್ವರ ತಪ್ಪಲಿ, ಸಾಯೋವರ್ಗೂ ನಗ್ತಾರೆ."

"ಈಗ್ಲೂ ನಗ್ತಾರಲ್ಲ," ಎಂದಳು ಬ್ಲಾಂಕಾ. ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿದಳು.

ಬೋರಿವೊಯ್ ಮೀಸೆ ಎಳೆದುಕೊಂಡರು. "ಅಷ್ಟಕ್ಕೂ ಹಾಡು ಅಂಥದ್ದೇನಿದೆ? ಬೆಳಿಗ್ಗೆ ನುಡಿಸಿದ್ವಲ್ಲ. ನೆಗಡಿ ಬಂದ ಎಮ್ಮೆ ಹಾಗಿತ್ತು."

"ಅದು ಹಾಗಲ್ಲ."

"ಹೇಗೆ ಮತ್ತೆ?"

ಹೇಗೆಂದು ಹೇಳುವ ಶಕ್ತಿ ಅವಳಿಗಿರಲಿಲ್ಲ. ಕಣ್ಣಲ್ಲಿ ಎಷ್ಟೋ ಸಲ ಕೇಳಿದ್ದನ್ನು ಮಾತಿಗೆ ತರುವುದು ಹೇಗೆ? ಎರಡೂ ಕಿವಿ ಕೆಂಪಾದವು. ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು, ಅದರ ಹಿಂದಿನಿಂದ ಹಾಡಲು ಶುರುಮಾಡಿದಳು.

ಅವಳ ಕಂಠದ ಬಗ್ಗೆ ಒಳ್ಳೆಯ ಮಾತು ಒಂದೇ: ಸಣ್ಣದಾಗಿತ್ತು. ನಾಲ್ಕನೆಯ ಸ್ವರಕ್ಕೇ ದಾರಿ ತಪ್ಪಿತು. ಏಳನೆಯದಕ್ಕೆ ಹಳ್ಳಕ್ಕೆ ಬಿತ್ತು.

"ಅಯ್ಯೋ, ಹಾಗಲ್ಲ ಕಣಮ್ಮ," ಎಂದರು ಬೋರಿವೊಯ್ ಹಲ್ಲುನೋವು ಬಂದವರಂತೆ. "ಆ ಸ್ವರ ಅಷ್ಟು ಮೇಲಿಲ್ಲ."

ಬ್ಲಾಂಕಾ ಮತ್ತೆ ಹಾಡಿದಳು. ಈ ಸಲ ಇನ್ನೂ ಕೆಟ್ಟದಾಗಿತ್ತು.

"ಸಾಕು, ಸಾಕು! ದೇವರೇ!" ಊಟ ಬಿಡು ಎಂದರೆ ಬಿಟ್ಟಾರು, ಕಣ್ಣೆದುರಿಗೆ ತಪ್ಪು ಸ್ವರವೊಂದು ಬಿದ್ದಿರುವಾಗ ಅದನ್ನು ದಾಟಿ ಹೋಗುವ ವಾದ್ಯಗಾರ ಇನ್ನೂ ಹುಟ್ಟಿಲ್ಲ. ಬೋರಿವೊಯ್ ಓಡಿಹೋಗಿ ವಿಯೋಲಾ ತಂದರು. ಹಾಳೆಯನ್ನು ಅವಳ ಕೈಯಿಂದ ಕಿತ್ತು ಶಾಯಿಯ ಬಾಟಲಿಗೆ ಒರಗಿಸಿದರು. "ಕೇಳು. ಹೀಗೆ."

ನುಡಿಸಿದರು. ಹಾಡು ಮೇಲೇರಲು ಹೊರಟು ಎರಡೇ ಹೆಜ್ಜೆಗೆ ಕೂತುಬಿಡುತ್ತಿತ್ತು. ಮತ್ತೆ ಏಳುತ್ತಿತ್ತು, ಮತ್ತೆ ಕೂರುತ್ತಿತ್ತು. ದೊಡ್ಡವರ ಪಂಕ್ತಿಯಲ್ಲಿ ಏನೋ ಹೇಳಲು ಬಾಯಿ ತೆರೆದು, ಸಂಕೋಚವಾಗಿ ಮುಚ್ಚಿಕೊಂಡು, ಉಪ್ಪು ಕೇಳಿದವರ ಹಾಗೆ ನಟಿಸುವವರ ರೀತಿ. ಬೋರಿವೊಯ್ ಮೊದಲ ಸಾಲನ್ನು ತಿದ್ದುವುದಕ್ಕೆಂದೇ ನುಡಿಸಿದ್ದು. ಎರಡನೆಯ ಸಾಲನ್ನು ಏಕೆ ನುಡಿಸಿದರೋ ಅವರಿಗೂ ಗೊತ್ತಿರಲಿಲ್ಲ. ಮೂರನೆಯ ಸಾಲಿನಲ್ಲಿ ಹಾಡು ಕಡೆಗೂ ಕೂರದೆ ಮೇಲಕ್ಕೆ ಹೋಯಿತು. ಅವರ ಮೀಸೆ ಅಲ್ಲಾಡುವುದು ನಿಂತಿತು.

"ಯಾರ್ರೀ ಅದು ಇಷ್ಟು ಚೆನ್ನಾಗಿ ನುಡಿಸ್ತಿರೋದು?" ಬಾಗಿಲಲ್ಲಿ ಹೆದ್ವಿಕಾ, ಕೈಯಲ್ಲಿ ಗೊಜ್ಜಿನ ಬಟ್ಟಲು. "ಓ, ನೀವಾ. ಬೇರೆ ಯಾರೋ ಅಂದ್ಕೊಂಡೆ."

ಯಾರೂ ನಗಲಿಲ್ಲ. ಹೆದ್ವಿಕಾ ಬಟ್ಟಲನ್ನು ಕಪಾಟಿನ ಮೇಲಿಟ್ಟರು. "ಅಲ್ಲಿ ನಮಗೇನಿದೆ?"

ಬ್ಲಾಂಕಾ ಚೆಲ್ಲೋದ ಹಾಳೆ ಕೊಟ್ಟಳು.

"ಬರೀ ಬೆರಳಲ್ಲಿ ಮೀಟೋದಾ? ಎಂಬತ್ತೆಂಟು ಆವರ್ತ? ಇವರು ಹಾಡೋದು, ನಾವು ಹಿಂದೆ ಛತ್ರಿ ಹಿಡ್ಕೊಂಡು ನಡೆಯೋದಾ?" ಹಾಳೆಯನ್ನು ಕಣ್ಣಿಗೆ ಹತ್ತಿರ ತಂದು ನೋಡಿದರು. "ಛೆ, ಈ ಮುದುಕನಿಗೆ ಬರೆಯೋಕೆ ಬರ್ತಿತ್ತು ಕಣೇ. ನೋಡಿಲ್ಲಿ, ಅವರು ಉಸಿರು ತಗೊಳ್ಳೋ ಕಡೆಯಲ್ಲೆಲ್ಲ ನಮ್ಮನ್ನ ಇಟ್ಟಿದ್ದಾನೆ." ಹಾಳೆಯನ್ನು ವಾಪಸ್ ಕೊಡುತ್ತ, "ಬಾಣ ಹಾಕ್ಬೇಡ," ಎಂದರು.

"ಹಾಯೆಕ್ ಸುಮ್ಮನಿರ್ತಾರಾ?" ಎಂದರು ಬೋರಿವೊಯ್.

"ಟೇಪು ಕೇಳಿ ಕೈಬೀಸೋ ಮನುಷ್ಯ. ಟೇಪಲ್ಲಿ ಇಲ್ಲದೇ ಇರೋ ಜಾಗ ಬಂದಾಗ ಏನ್ಮಾಡ್ತಾರೋ ನೋಡೋ ಆಸೆ ನನಗೆ. ಸಂಗೀತ ಗಿಂಗೀತ ಆಮೇಲೆ." ಬಟ್ಟಲೆತ್ತಿಕೊಂಡು ಹೊರಟವರು ಬಾಗಿಲಲ್ಲಿ ತಿರುಗಿದರು. "ಆದ್ರೆ ಕೇಳಿದ್ರೆ ಉತ್ತರ ನೀನೇ ಹೇಳ್ಬೇಕು ಬ್ಲಾಂಕಾ. ಹಾಳೆ ಕೊಳೆಯಾಗಿತ್ತು ಅಂತ ಇನ್ನೊಂದ್ಸಲ ಅಂದ್ಯೋ, ನಾನೇ ಬಾಣ ಹಾಕ್ಬಿಡ್ತೀನಿ."

ಗುರುವಾರ ಬೆಳಿಗ್ಗೆ ಹತ್ತಕ್ಕೆ ಹಾಯೆಕ್ ಕೋಲೆತ್ತುವ ಮೊದಲು ಪುಸ್ತಕ ತೆರೆದು ನೋಡಿದರು.

"ಗುರುತು ಎಲ್ಲಿ?"

ಹದಿನಾಲ್ಕನೆಯ ಸಾಲಿನಲ್ಲಿ ಬ್ಲಾಂಕಾ ಎದ್ದಳು. ವೇದಿಕೆಯ ಐವತ್ತೆಂಟು ಮುಖಗಳು ಅವಳತ್ತ ತಿರುಗಿದವು.

"ಹಾಕಿಲ್ಲ."

"ಯಾಕೆ?"

"ಪೆಶೆಕ್ ಹಾಕಿಲ್ಲ. ಅದಕ್ಕೆ." ಎದುರಿನ ಕುರ್ಚಿಯ ಬೆನ್ನು ಹಿಡಿದು ಮುಂದುವರಿಸಿದಳು. "ರೈಲು ಹಿಡಿಯೋಕೆ ಅಂತ ಹಾಕಿದ್ದು. ಒಂಬತ್ತೂ ಐವತ್ತೆರಡರದು. ಆ ತುಂಡು ಇಲ್ಲದೆ ತಾಳದ ಏಟಿಗೆ ಅರ್ಥವೇ ಇಲ್ಲ. ಮೂವತ್ತೊಂಬತ್ತು ವರ್ಷದಿಂದ ಅವನನ್ನ ನೋಡಿ ನಗ್ತಾ ಇದಾರೆ, ತಪ್ಪು ಅವನದಲ್ಲ. ಒಂದ್ಸಲ... ಒಂದೇ ಒಂದ್ಸಲ ಪೂರ್ತಿ ನುಡಿಸಿ. ಆಮೇಲೆ ಬೇಕಾದ್ರೆ ನಗಿ."

ಇಷ್ಟುದ್ದದ ಮಾತು ಅವಳಿಂದ ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ. ತಾಳದವನು ಪದಬಂಧ ಮಡಚಿಟ್ಟ.

"ಆ ರೈಲು ಈಗಿಲ್ಲ ಮೇಷ್ಟ್ರೇ," ಎಂದರು ಹೆದ್ವಿಕಾ ಬಹಳ ವಿನಯದಿಂದ. "ವಿಚಾರಿಸಿದೀನಿ."

ಹಾಯೆಕ್ ನಗುವ ಸಾಲುಗಳನ್ನು ನೋಡಿದರು, ತೆರೆದ ಪುಸ್ತಕವನ್ನು ನೋಡಿದರು. "ಒಂದು ಗಂಟೆಯೊಳಗೆ ಆಗುತ್ತಾ?"

"ನೀವು ಮಾತು ಕಡಿಮೆ ಮಾಡಿದ್ರೆ ಹನ್ನೆರಡೂವರೆಗೇ."

ಆ ತುಂಡು ಬಂದಾಗ ಹಾಯೆಕ್ ನಾಲ್ಕರ ತಾಳ ಹಾಕತೊಡಗಿದರು. "ಮೂರು," ಎಂದರು ಬೋರಿವೊಯ್ ಮೆಲ್ಲಗೆ. ಹಾಯೆಕ್ ಮೂರು ಹಾಕಿದರು. ಆಮೇಲೆ ಕಣ್ಣು ಮುಚ್ಚಲಿಲ್ಲ.

ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ಬ್ಲಾಂಕಾ ವೇದಿಕೆಯ ಪಕ್ಕದ ಬಾಗಿಲ ಹಿಂದೆ ನಿಂತು ಕೇಳಿದಳು. ನಿಜ ಹೇಳಬೇಕೆಂದರೆ ಮೊದಲನೆಯ ಭಾಗದಲ್ಲಿ ಪೆಶೆಕ್ ಹೇಳಿದ್ದನ್ನೇ ಮೂರು ಸಲ ಹೇಳುತ್ತಾನೆ, ಎರಡನೆಯ ಭಾಗದಲ್ಲಿ ಕಹಳೆಗಳು ಸುಮ್ಮನೆ ಕೂಗುತ್ತವೆ. ವಿಯೋಲಾಗಳ ತುಂಡಿನಲ್ಲೂ ಮೊದಲ ಒಂದು ನಿಮಿಷ ಬೇಸರದ್ದೇ. ಮುಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮಿಠಾಯಿಯ ಕಾಗದ ಬಿಚ್ಚಿದಳು, ಬಿಚ್ಚುತ್ತಲೇ ಇದ್ದಳು. ಹಾಡು ಎದ್ದಿತು, ಕೂತಿತು, ಎದ್ದಿತು. ಎಂಟು ವಿಯೋಲಾ, ಕೆಳಗೆ ಹೆದ್ವಿಕಾ ಅವರ ಬೆರಳು. ಎಲ್ಲೋ ಒಂದು ಕಡೆ ಕಾಗದದ ಸದ್ದು ನಿಂತದ್ದು ಬ್ಲಾಂಕಾಗೆ ಗೊತ್ತಾಯಿತು. ಆ ಹೆಂಗಸು ಮಿಠಾಯಿಯನ್ನು ಬಾಯಿಗೆ ಹಾಕದೆ ಕೈಯಲ್ಲೇ ಹಿಡಿದು ಕೂತಿದ್ದಳು. ಹಾಡು ಮೂರನೆಯ ಸಲ ಎದ್ದು, ಕೂರದೆ, ಹೇಳಬೇಕಾದ್ದನ್ನು ಹೇಳಿಯೇಬಿಟ್ಟಿತು. ಆಗ ಬಿತ್ತು ತಾಳದ ಏಟು. ಮನೆಯಲ್ಲಿ ಎಲ್ಲರಿಗಿಂತ ಮೆತ್ತನೆಯವರು ಮಾತು ಮುಗಿಸಿ, ಹೊರಗೆ ಹೋಗಿ, ಬಾಗಿಲು ಎಳೆದುಕೊಂಡ ಸದ್ದು.

ಚಪ್ಪಾಳೆ ಎಂದಿನಷ್ಟೇ ಬಂತು. ಲಿಪಾವಾದಲ್ಲಿ ಎಲ್ಲದಕ್ಕೂ ಒಂದೇ ಅಳತೆಯ ಚಪ್ಪಾಳೆ. ಹಾಯೆಕ್ ಬಾಗಿದರು, ಚಪ್ಪಾಳೆಯಲ್ಲಿ ಪಾಲು ಸಿಗಲೆಂದು ಕಹಳೆಯವರನ್ನು ಎಬ್ಬಿಸಿದರು, ಅಭ್ಯಾಸಬಲದಿಂದ ಟ್ರಾಂಬೋನ್‌ನವರನ್ನೂ ಎಬ್ಬಿಸಿದರು, ಬೆವರೊರೆಸುತ್ತ ಬಾಗಿಲ ಕಡೆ ಬಂದರು.

ಬ್ಲಾಂಕಾ ಬಾಗಿಲಿಗೆ ಅಡ್ಡ ನಿಂತಿದ್ದಳು.

"ವಿಯೋಲಾ," ಎಂದಳು.

"ಏನಮ್ಮ?"

"ವಿಯೋಲಾದವರನ್ನ ಎಬ್ಬಿಸಿಲ್ಲ ನೀವು. ವಾಪಸ್ ಹೋಗಿ."

ಹಾಯೆಕ್ ಅವಳನ್ನು ನೋಡಿದರು. ಅವಳು ಸರಿಯಲಿಲ್ಲ. ಅವರು ತಿರುಗಿ ವೇದಿಕೆಗೆ ನಡೆದು, ವಿಯೋಲಾ ಸಾಲಿನತ್ತ ಕೈ ಚಾಚಿ ಏಳಿ ಎಂದು ಸನ್ನೆ ಮಾಡಿದರು. ಯಾರೂ ಏಳಲಿಲ್ಲ. ಕರೆದದ್ದು ತಮ್ಮನ್ನೇ ಎಂದು ಅವರಿಗೆ ಹೊಳೆಯಲೇ ಇಲ್ಲ. ಬೋರಿವೊಯ್ ಕೂಡ ಹಿಂದೆ ತಿರುಗಿ, ಯಾರನ್ನಪ್ಪ ಎಂದು ನೋಡಿದರು. ಹೆದ್ವಿಕಾ ಚೆಲ್ಲೋದ ಕಮಾನಿನ ತುದಿಯಿಂದ ಅವರ ಪಕ್ಕೆಗೆ ತಿವಿದರು. ಆಗ ಎದ್ದರು, ಒಬ್ಬೊಬ್ಬರೇ, ಒಂದೇ ಸಲ ಏಳುವುದು ಹೇಗೆಂದು ತಿಳಿಯದೆ. ಮೂರನೆಯವರ ಮೊಣಕೈ ತಗಲಿ ಸ್ಟ್ಯಾಂಡು ಉರುಳಿ ಹಾಳೆಗಳೆಲ್ಲ ಕೆಳಗೆ ಚೆಲ್ಲಿದವು. ಟ್ರಾಂಬೋನ್‌ನವರು ನಕ್ಕರು. ನಗುತ್ತಲೇ ಕಾಲಿನಿಂದ ನೆಲ ಬಡಿಯತೊಡಗಿದರು, ವಾದ್ಯಗಾರರು ತಮ್ಮವರನ್ನು ಮೆಚ್ಚಿದಾಗ ಮಾತ್ರ ಬಡಿಯುವ ಹಾಗೆ.