ಎರಡು ಸಲ ಎಣಿಸಿದ ಮೂರು ತಿಂಗಳು

ಅವಳ ಒಂದೇ ಮೂರು ತಿಂಗಳ ಸಂಬಳವನ್ನು ತೆರಿಗೆ ಕಚೇರಿ ಎರಡು ಸಲ ಬರೆದುಕೊಂಡಿತ್ತು, ಮೇಲೆ ದಂಡ ಹಾಕಿತ್ತು, ವಿದೇಶದ ಆದಾಯ ಮುಚ್ಚಿಟ್ಟವಳು ಎಂದು ನೋಟಿಸು ಕಳಿಸಿತ್ತು. ಈಗ ನಾಲ್ಕನೆಯ ಕೌಂಟರಿನ ಗಾಜಿನಾಚೆ ಗುಮಾಸ್ತನ ಕೆಂಪು ಪೆನ್ನು ಆ ಸಾಲಿನ ಮೇಲೆ ಸರ್ರನೆ ಹೋಯಿತು — ಹೊಡೆದು ಹಾಕಿದನೆ, ಹೌದು, ಹೊಡೆದೇ ಹಾಕಿದ, ಸರಿ ಮೇಡಮ್, ನೀವು ಕಟ್ಟೋದು ಏನೂ ಇಲ್ಲ — ಏನೂ ಇಲ್ಲ, ಎದೆಯ ಮೇಲಿನ ಬೀಸುಕಲ್ಲನ್ನು ಯಾರೋ ಇಳಿಸಿಟ್ಟ ಹಾಗೆ, ಹೊಲಿಗೆ ಯಂತ್ರ ಉಳಿಯಿತು, ಮುಂದಿನ ಕೋಣೆಯ ಬಾಡಿಗೆಯವರನ್ನು ಎಬ್ಬಿಸಿ ಮನೆ ಮಾರುವುದು ತಪ್ಪಿತು, ಅಕ್ಕನಿಗೆ ಫೋನು ಮಾಡಬೇಕು, ಅಕ್ಕ ಮೊದಲು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ.

ತಪ್ಪನ್ನು ಅಕ್ಕನೇ ಕಂಡುಹಿಡಿದದ್ದು, ಲೆಕ್ಕ ನೋಡುವವನಲ್ಲ, ಅವನು ಶುಲ್ಕ ತೆಗೆದುಕೊಂಡು ಕಟ್ಟಿಬಿಡಿ ಅಮ್ಮ ದೊಡ್ಡವರ ಜೊತೆ ಯಾಕೆ ಜಟಾಪಟಿ ಅಂದವನು. ಅಡುಗೆಮನೆಯ ನೆಲದ ಮೇಲೆ ಕಾಗದ ಹರವಿಕೊಂಡು ಅಕ್ಕ, ಹೊಲಿಗೆಯದ್ದು ಇಷ್ಟು, ಅದರಲ್ಲಿ ದಾರ ಕರೆಂಟು ಕಳೆ, ಬಾಡಿಗೆ ಇಷ್ಟು, ಬ್ಯಾಂಕಿನ ಬಡ್ಡಿ ಇಷ್ಟು, ಇದ್ಯಾವುದೇ ಈ ಗುಡ್ಡದಂಥ ಅಂಕಿ? ಅದು ವಿದೇಶದ್ದು ಅಕ್ಕ, ಅಲ್ಲಿ ಆ ಮುದುಕಿಯನ್ನು ನೋಡಿಕೊಂಡ ಸಂಬಳ. ಅಲ್ಲಿಯವರ ತೆರಿಗೆ ವರ್ಷ ಜನವರಿಗೆ ಹುಟ್ಟುತ್ತದೆ, ಇಲ್ಲಿಯವರದ್ದು ಏಪ್ರಿಲಿಗೆ. ಅವಳು ಮಾರ್ಚಿನ ಕೊನೆಗೆ ಕೆಲಸ ಬಿಟ್ಟು ಬಂದವಳು, ಆ ಮೂರು ತಿಂಗಳನ್ನು ಇಲ್ಲಿಯ ಹಳೆಯ ವರ್ಷದಲ್ಲಿ ತಾನೇ ತೋರಿಸಿ, ಅಲ್ಲಿ ಹಿಡಿದುಕೊಂಡ ತೆರಿಗೆಯನ್ನು ಕಳೆದು, ಬಾಕಿ ಕಟ್ಟಿಯೂ ಆಗಿತ್ತು. ಆಮೇಲೆ ಅಲ್ಲಿಂದ ಇಡೀ ವರ್ಷದ ಹೆಸರು ಹೊತ್ತ ಪ್ರಮಾಣಪತ್ರ ಬಂತು, ಒಳಗಿದ್ದದ್ದು ಅದೇ ಮೂರು ತಿಂಗಳು, ಈ ಕಚೇರಿಯವರು ಅದನ್ನೇ ಇಲ್ಲಿಯ ಹೊಸ ವರ್ಷಕ್ಕೂ ಅಂಟಿಸಿದರು. ಮುಷ್ಟಿ ಹಿಡಿಯೇ ಪೆದ್ದಿ, ಅಂದಳು ಅಕ್ಕ, ಚಿಕ್ಕವರಿದ್ದಾಗ ತಿಂಗಳು ಎಣಿಸ್ತಿದ್ವಲ್ಲ, ಗೆಣ್ಣು ಜನವರಿ, ತಗ್ಗು ಫೆಬ್ರವರಿ, ಗೆಣ್ಣು ಮಾರ್ಚ್, ಇನ್ನೊಂದು ಜನವರಿ ಎಲ್ಲಿದೆ ತೋರಿಸು, ಒಂದೇ ಕೋಳಿ ಎರಡು ಅಂಗಳದಲ್ಲಿ ಮೇದ್ರೆ ಎರಡು ಕೋಳಿ ಆಗುತ್ತೇನೇ? ಆಗ ನಗು ಬಂದಿತ್ತು, ತಿಂಗಳುಗಟ್ಟಲೆ ಬಾರದ ನಗು.

ಗೆಣ್ಣು, ತಗ್ಗು, ಗೆಣ್ಣು — ಅಲ್ಲಿ ಆ ಜನವರಿಯಲ್ಲಿ ಇದೇ ಗೆಣ್ಣುಗಳು ಸೋಪಿನ ನೀರಿಗೆ ಬಿರಿದು ರಕ್ತ ಕಾಣುತ್ತಿತ್ತು, ಮುದುಕಿಯನ್ನು ಮಗ್ಗುಲಾಗಿಸಿ ಬೆನ್ನು ಒರೆಸುವಾಗ ಹಾಸಿಗೆಗೆ ಕಲೆಯಾಗದಂತೆ ಕೈ ಮಡಚಿಕೊಳ್ಳಬೇಕು, ಫೆಬ್ರವರಿಯಲ್ಲಿ ಮುದುಕಿಯ ಮಾತು ನಿಂತಿತು, ಮಾರ್ಚಿನಲ್ಲಿ ಉಸಿರು. ಯಾವುದನ್ನು ಮುಚ್ಚಿಟ್ಟಳು ಅವಳು? ಮಹಡಿಯ ಮೇಲೆ ಮಹಡಿ ಕಟ್ಟಿದವರ ಕಾಗದ ಈ ಕಿಟಕಿಗೆ ಬರುವುದೇ ಇಲ್ಲ, ಬೆನ್ನು ಒರೆಸಿದವಳ ತಿಂಗಳು ಮಾತ್ರ ಎರಡೆರಡು ಸಲ ಸಿಗುತ್ತದೆ ಇವರ ಕೈಗೆ. ಹೋಗಲಿ, ಮುಗಿಯಿತಲ್ಲ, ಹೊರಗೆ ಬಿಸಿಲಿದೆ, ನಡೆದೇ ಹೋಗೋಣ, ಬಸ್ಸೂ ಬೇಡ.

ಇಲ್ಲೊಂದು ಸಹಿ ಹಾಕಿಬಿಡಿ ಮೇಡಮ್. ಗಾಜಿನ ಕೆಳಗಿನ ಸಂದಿಯಿಂದ ಒಂದು ಹಾಳೆ ತೂರಿ ಬಂತು, ಅಚ್ಚು ಹಾಕಿದ್ದು, ಆದಾಯ ತೋರಿಸದೆ ಹೋದದ್ದು ನನ್ನ ತಪ್ಪು, ಕಚೇರಿ ದಯೆಯಿಟ್ಟು ಮನ್ನಿಸಿದೆ. ಇದೇನು? ಏನಿಲ್ಲ, ಸುಮ್ನೆ ಒಂದು ಪದ್ಧತಿ, ಎಲ್ಲರೂ ಹಾಕ್ತಾರೆ. ನಾನು ತೋರಿಸಿದ್ದೆನಲ್ಲ. ಅಯ್ಯೋ ಹೌದಮ್ಮ, ನಂಗೂ ಗೊತ್ತು, ಹಣ ಕಟ್ಟೋದಿಲ್ವಲ್ಲ, ಇನ್ನೇನು, ಸಹಿ ಇಲ್ಲದೆ ಫೈಲು ಮುಚ್ಚಲ್ಲ, ಹಿಂದೆ ಜನ ನಿಂತಿದ್ದಾರೆ ನೋಡಿ. ನಿಂತಿದ್ದರು, ಒಬ್ಬ ಕೆಮ್ಮಿದ, ಯಾರೋ ಹಾಕಿ ಹೋಗೀಮ್ಮ ಅಂದರು. ಕೆಂಪು ಗೆರೆ ಅಲ್ಲೇ ಇತ್ತು, ಒಣಗಿತ್ತು, ಇನ್ನು ಅದನ್ನು ಯಾರೂ ಅಳಿಸಲಾರರು, ಹಗುರ ಹಾಗೆಯೇ ಇತ್ತು ಮೈಯೊಳಗೆ, ವಿಚಿತ್ರ, ಹೆದರಿಕೆಗೆ ಜಾಗವೇ ಉಳಿದಿರಲಿಲ್ಲ. ಹಾಕಲ್ಲ. ಏನಂದ್ರಿ? ಹಾಕಲ್ಲ ಸ್ವಾಮಿ, ಎರಡು ಸಲ ಎಣಿಸಿದ್ದು ನೀವು, ಬೇಕಾದ್ರೆ ನೀವೇ ಹಾಕಿ, ಫೈಲು ತೆರೆದೇ ಇರಲಿ. ಗುಮಾಸ್ತನ ಪೆನ್ನು ಸಂದಿಯಿಂದ ಹೊರಗೆ ಬಂತು, ಅವಳ ಕೈಗೆ ತಾಗಿ ನಿಂತಿತು — ಕೈ ಕಟ್ಟೆಯ ಮೇಲಿತ್ತು, ಮುಷ್ಟಿಯಾಗಿ ಮುಚ್ಚಿತ್ತು, ಗೆಣ್ಣು, ತಗ್ಗು, ಗೆಣ್ಣು.