ನೇರಳೆ ಬಿಡದ ಗೋಡೆ

ಶಹಾಬಾದಿನ ಕಲ್ಲುಗಣಿಯಲ್ಲಿ ಅಣವೀರ ಸಿಟ್ಟಿನಲ್ಲಿ ಹಾರೆ ಬೀಸಿದ್ದು ಸ್ವಂತ ತಮ್ಮ ಚಂದ್ರಾಮನ ತೊಡೆಗೆ. ಬೀಸಿದ ಮೇಲೆ ಬುದ್ಧಿ ಬಂತು. ಗಣಿಯವರು ಯಾವತ್ತೂ ಮಾಡುವಂತೆ ಗಾಯಕ್ಕೆ ಹಿಡಿ ಕಲ್ಲುಪುಡಿ ಮೆತ್ತಿ ರಕ್ತ ನಿಲ್ಲಿಸಿದ. ನಾಲ್ಕನೇ ದಿನ ತೊಡೆ ಕೀವು ತುಂಬಿ ಊದಿತು. ಈಗ ಆಸ್ಪತ್ರೆಯಲ್ಲಿ ಎಲ್ಲರಿಗಿಂತ ಜೋರಾಗಿ ಅರಚುತ್ತಿದ್ದವನೂ ಇದೇ ಪುಣ್ಯಾತ್ಮ ಅಣ್ಣ. ವಾರ್ಡ್‌ಬಾಯ್‌ನ ಹಲ್ಲು ಮುರಿದು ಲ್ಯಾಬಿಗೆ ನುಗ್ಗಿದ.

ಒಳಗೆ ಲ್ಯಾಬಿನ ಮೈತ್ರಿ ಕೀವಿನ ಸ್ಲೈಡಿಗೆ ನೇರಳೆ ಬಣ್ಣ, ಅಯೋಡಿನ್ ಹಾಕಿ, ಸ್ಪಿರಿಟ್ ಬಿಡುತ್ತಿದ್ದಳು. ಕೆಲವು ರೋಗಾಣುಗಳಿಗೆ ಪೆಪ್ಟಿಡೋಗ್ಲೈಕನ್ ಎಂಬ ಎಳೆಗಳಿಂದ ಹೆಣೆದ ದಪ್ಪ ಗೋಡೆಯಿರುತ್ತದೆ. ಅದರಲ್ಲಿ ನಾಟಿಕೊಂಡ ಟೈಕೋಯಿಕ್ ಆಮ್ಲದ ಸರಪಳಿಗಳು ಮಾಂಸಕ್ಕೆ ಅಂಟಿಕೊಳ್ಳಲು ನೆರವಾಗುತ್ತವೆ. ಆ ಗೋಡೆ ನೇರಳೆಯನ್ನು ಬಿಟ್ಟುಕೊಡುವುದಿಲ್ಲ; ತೆಳು ಗೋಡೆಯವು ಸ್ಪಿರಿಟ್ಟಿಗೆ ಅದನ್ನು ಬಿಟ್ಟು, ಕೊನೆಗೆ ಹಾಕುವ ಗುಲಾಬಿ ಬಣ್ಣ ಹಿಡಿಯುತ್ತವೆ. ಆದರೆ ಸ್ಪಿರಿಟ್ ಹೆಚ್ಚು ಹೊತ್ತು ಹರಿದರೆ ಅಂಥ ಗೋಡೆಯೂ ಬಣ್ಣ ಕಕ್ಕುತ್ತದೆ.

“ಎಷ್ಟೊತ್ತ ಮಾಡ್ತಿ? ನನ್ ತಮ್ಮ ಸಾಯಾಕತ್ತಾನ!” ಅಣವೀರ ಅವಳ ಜಡೆ ಹಿಡಿದು ತಲೆಯನ್ನು ಮೇಜಿಗೆ ಕುಟ್ಟಿದ.

“ಬಿಡ್ರಿ ಅಣ್ಣಾ, ಮಾಡಾಕತ್ತೀನಿ!”

ಅವನು ಇನ್ನೆರಡು ಸಲ ಕುಟ್ಟಿದ. ಬಾಟಲಿ ಉರುಳಿ ಸ್ಲೈಡಿನ ಮೇಲೆ ಸ್ಪಿರಿಟ್ ಹರಿಯುತ್ತಲೇ ಇತ್ತು.

ಹುಬ್ಬಿನ ರಕ್ತ ಒರೆಸಿಕೊಂಡು, ಕೊನೆಯ ಗುಲಾಬಿ ಬಣ್ಣ ಹಾಕಿ ಅವಳು ಮೈಕ್ರೋಸ್ಕೋಪಿನಲ್ಲಿ ನೋಡಿದಳು. ದ್ರಾಕ್ಷಿ ಗೊಂಚಲಿನಂಥ ರೋಗಾಣುಗಳು, ಬಣ್ಣ ಮಾತ್ರ ಗುಲಾಬಿ. ಗೊಂಚಲು ಕಟ್ಟುವ ಈ ಜಾತಿ ನೇರಳೆಯೇ ಇರಬೇಕು. ಸ್ಲೈಡ್ ಕೆಟ್ಟಿದೆ ಎಂದು ಅವಳಿಗೆ ಗೊತ್ತಾಯಿತು.

“ಇನ್ನೊಂದ್ ಸಲ...” ಎನ್ನುವಷ್ಟರಲ್ಲಿ ಅವನು ಸ್ಟೂಲು ಎತ್ತಿದ್ದ. ಮೈತ್ರಿ ಚೀಟಿ ಎಳೆದುಕೊಂಡಳು. ಗುಲಾಬಿ ಎಂದಷ್ಟೇ ಬರೆದುಕೊಟ್ಟಳು.

ಡಾಕ್ಟರು ಚೀಟಿಯನ್ನು ನಂಬಿ ಗುಲಾಬಿ ಜಾತಿಯನ್ನು ಕೊಲ್ಲುವ ಇಂಜೆಕ್ಷನ್ ಹಾಕಿಸಿದರು. ದಪ್ಪ ಗೋಡೆ ಒಡೆಯುವ ಔಷಧ ಕಪಾಟಿನಲ್ಲೇ ಉಳಿಯಿತು. ಮೈತ್ರಿ ಎರಡು ದಿನ ಡಾಕ್ಟರಿಗೆ ನಿಜ ಹೇಳಬೇಕೆಂದು ವಾರ್ಡಿನ ಬಾಗಿಲತನಕ ಹೋದಳು. ಹೊಸ್ತಿಲಲ್ಲಿ ಅಣವೀರ ಕೂತಿರುತ್ತಿದ್ದ. ಹೆದರಿ ಹಿಂದಿರುಗಿದಳು, ತನ್ನನ್ನು ತಾನೇ ಬೈದುಕೊಂಡಳು. ಮೂರನೇ ದಿನ ಚಂದ್ರಾಮನನ್ನು ಕಲಬುರಗಿಗೆ ಒಯ್ದು ಕಾಲನ್ನು ಬುಡದಿಂದ ಕತ್ತರಿಸಿದರು.

ಹದಿನೈದು ದಿನಕ್ಕೆ ಅಣವೀರ ಲ್ಯಾಬಿಗೆ ಬಂದು ಅವಳ ಕಾಲಿಗೆ ಬಿದ್ದ. “ತಪ್ಪಾತು ತಂಗೀ. ನೀ ಲಗೂನ ರಿಪೋರ್ಟ್ ಕೊಟ್ಟಿ ಅಂತ ಜೀವಾರ ಉಳೀತು.”

ಅವನು ಬೈದಿದ್ದರೆ ಮೈತ್ರಿ ಸುಮ್ಮನಿರುತ್ತಿದ್ದಳು. ಈ ಉಪಕಾರ ಸ್ಮರಣೆಯನ್ನು ಅವಳಿಗೆ ತಾಳಲಾಗಲಿಲ್ಲ.

“ಆ ರಿಪೋರ್ಟ್ ತಪ್ಪಿತ್ರಿ ಅಣ್ಣಾ. ನೀವ್ ನನ್ ತಲಿ ಕುಟ್ಟಾಗ ಸ್ಲೈಡ್ ಕೆಟ್ತು. ಗೊತ್ತಿದ್ದೂ ನಾ ಬಾಯಿ ಬಿಡ್ಲಿಲ್ಲ. ಇಲ್ಲಂದ್ರ ಅವರ ಕಾಲ್ ಉಳೀತಿತ್ತು.”

ಅಣವೀರನ ಮುಷ್ಟಿ ಎದ್ದಿತು. ಅವಳು ಕಣ್ಣು ಮುಚ್ಚಿದಳು, ಬೀಳಲಿ ಎಂದೇ ನಿಂತಳು. ಏಟಿನ ಸದ್ದು ಕೇಳಿತು, ನೋವಾಗಲಿಲ್ಲ. ಅವನು ತನ್ನ ಮುಖಕ್ಕೇ ಗುದ್ದಿಕೊಳ್ಳುತ್ತಿದ್ದ. ಮೂಗಿನಿಂದ ರಕ್ತ ಸುರಿದರೂ ನಿಲ್ಲಿಸಲಿಲ್ಲ. ಮೈತ್ರಿಯೂ ತಡೆಯಲಿಲ್ಲ.